ಎರಡು ಸಲ ಕರೆದ ಅವ್ವ

ಸಾಲುಮನೆಗಳ ನಮ್ಮ ಚಾಳಿನ ಹಿಂದೆ ಪಾವರ್‌ಲೂಮ್ ಕಾರಖಾನೆ ಇತ್ತು. ಸೋಲಾಪುರದಲ್ಲಿ ಇದೇನು ಹೇಳಿಕೊಳ್ಳುವ ಮಾತಲ್ಲ, ಅರ್ಧ ಊರಿನ ಬೆನ್ನಿಗೆ ಒಂದೊಂದು ಕಾರಖಾನೆ ಇರುತ್ತಿತ್ತು. ಚಾದರ ನೇಯುವ ಇಪ್ಪತ್ತು ಮಗ್ಗಗಳು ಒಟ್ಟಿಗೆ ಖಟಖಟ ಅನ್ನುತ್ತಿದ್ದವು. ಬೀಗರು ಬಂದರೆ ಒಂದೇ ದಿನಕ್ಕೆ ತಲೆ ಹಿಡಿದುಕೊಂಡು ಬಸ್ ಹತ್ತುತ್ತಿದ್ದರು. ನಮಗೆ ಮಾತ್ರ ಅದು ಕೇಳಿಸುತ್ತಲೇ ಇರಲಿಲ್ಲ. ನಮಗೆ ಕೇಳಿಸುತ್ತಿದ್ದದ್ದು ಅದು ನಿಂತಾಗ. ಕರೆಂಟ್ ಹೋಯಿತೆಂದರೆ ಇಪ್ಪತ್ತೂ ಮಗ್ಗಗಳು ಒಮ್ಮೆಲೇ ಸುಮ್ಮನಾಗುತ್ತಿದ್ದವು. ಕಿವಿ ಸ್ವಲ್ಪ ಹೊತ್ತು ಗುಂಯ್ ಅಂದು, ಆಮೇಲೆ ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು ಚೊಕ್ಕವಾಗಿ ಕೇಳಿಸುತ್ತಿತ್ತು. ಪಕ್ಕದ ಮನೆಯ ಬಳೆ, ಗೋಡೆಯ ಮೇಲಿನ ಹಲ್ಲಿ, ನಲ್ಲಿಯಿಂದ ಬೀಳುವ ತೊಟ್ಟು. ನಾನು ಹೇಳಹೊರಟಿರುವುದು ಆ ಹೊತ್ತಿನಲ್ಲಿ ನನಗೆ ಕೇಳಿಸಿದ್ದರ ಬಗ್ಗೆ.

ನಾವು ಕ್ರೈಸ್ತರು, ಅಜ್ಜನ ಕಾಲದಿಂದ. ಅಜ್ಜ ನಾಗಣಸೂರಿನಲ್ಲಿ ಇದ್ದಾಗಲೇ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಆದರೆ ದೇವರು ಬದಲಾದಷ್ಟು ಬೇಗ ದೆವ್ವಗಳು ಬದಲಾಗುವುದಿಲ್ಲ. ಅವ್ವ ಹಳ್ಳಿಹಳ್ಳಿ ತಿರುಗಿ ಹೆಂಗಸರಿಗೆ ಸುವಾರ್ತೆ ಹೇಳಿದಾಕೆ. ತಾಯತ ಕಂಡರೆ ಬಯ್ಯುತ್ತಿದ್ದಳು, ದೃಷ್ಟಿ ತೆಗೆಯುವವರನ್ನು ಕಂಡರೆ ನಗುತ್ತಿದ್ದಳು. ಅಂಥವಳು ನಾನು ಐದು ವರ್ಷದವಳಿದ್ದಾಗ ಹೇಳಿಕೊಟ್ಟ ಮೊದಲ ಪಾಠ ಇದು: "ಮಟಮಟ ಮಧ್ಯಾಹ್ನದಾಗ ಯಾರರೆ ಹೊರಗಿಂದ ಕರದ್ರ ಓ ಅನಬ್ಯಾಡ. ಎರಡು ಸಲ ಕರದ್ರೂ ಅನಬ್ಯಾಡ. ಮೂರನೇ ಸಲಕ್ಕ ಅನ್ನು. ಅದು ಮೂರು ಸಲ ಕರಿಯಂಗಿಲ್ಲ." ಅದು ಅಂದರೆ ಏನು ಎಂದು ಕೇಳಿದರೆ ಅವ್ವ ಉತ್ತರ ಕೊಡುತ್ತಿರಲಿಲ್ಲ. ಓ ಅಂದವರನ್ನು ಅದು ತನ್ನ ಜೊತೆ ಕರೆದುಕೊಂಡು ಹೋಗುತ್ತದೆ ಎಂಬುದಷ್ಟೇ ನಮಗೆಲ್ಲ ಗೊತ್ತಿತ್ತು.

ಹೀಗಾಗಿ ನಮ್ಮ ಕಡೆಯ ಮನೆಗಳಲ್ಲಿ ಯಾರಾದರೂ ಕರೆದರೆ ಮೂರು ಸಲ ಸೇರಿಸಿಯೇ ಕರೆಯುತ್ತಾರೆ. ಅವ್ವನಂತೂ ಒಂದೇ ರಾಗದಲ್ಲಿ ಮೂರು ಸಲ, ಉಸಿರು ಬಿಡದೆ ಕರೆಯುತ್ತಿದ್ದಳು. ಅವ್ವ ಎರಡೇ ಸಲ ಕರೆದು ಬಿಟ್ಟದ್ದನ್ನು ನನ್ನ ಮೂವತ್ತೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಒಂದು ದಿನ ಕೇಳಿದೆ.

ತೊಂಬತ್ತೆಂಟರ ಬೇಸಿಗೆ ಸೂಟಿ. ನಾನು ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಎಲ್ಲರಿಗೂ ನಾನು 'ಬಾಯಾರು'. ವರ್ಷವಿಡೀ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುವವಳಿಗೆ ಮೇ ತಿಂಗಳು ಮಾತ್ರ ಮನೆಯಲ್ಲಿ ಕಾಲು ಚಾಚುವ ಭಾಗ್ಯ. ಮದುವೆ ಆಗಿರಲಿಲ್ಲ, ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಊಟ ಆಗಿ ಅವ್ವ ಹೊರಗಿನ ಖೋಲಿಯಲ್ಲಿ ಮಲಗಿದಳು. ನಾನು ಒಳಗೆ ಕಲ್ಲಿನ ಫರಸಿಯ ಮೇಲೆ ಬೆನ್ನು ಹಚ್ಚಿ ಬಿದ್ದಿದ್ದೆ. ಕರೆಂಟ್ ಹೋಯಿತು. ಮಗ್ಗ ನಿಂತವು. ಹಿತ್ತಲಿನ ಕಡೆಯಿಂದ ಒಂದು ದನಿ ಬಂತು.

"ಯವ್ವಾ, ಬಾ ಇಲ್ಲೆ."

ಅವ್ವನದೇ ದನಿ, ಹೆಣ್ಣುಮಕ್ಕಳನ್ನು ಆಕೆ ಯವ್ವಾ ಎಂದೇ ಕರೆಯುವುದು. ಆದರೆ ಅವ್ವ ಹೊರಗಿನ ಖೋಲಿಯಲ್ಲಿ ಮಲಗಿದ್ದಾಳೆ, ದನಿ ಹಿತ್ತಲಿನಿಂದ ಬರುತ್ತಿದೆ. ನಾನು ಎದ್ದು ಕುಳಿತೆ. ಮತ್ತೆ ಬಂತು, ಈ ಸಲ ಸ್ವಲ್ಪ ಸಣ್ಣದಾಗಿ: "ಯವ್ವಾ, ಬಾ ಇಲ್ಲೆ." ಓ ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದು ಹೊರಗಿನ ಖೋಲಿ ಇಣುಕಿದ್ದರೆ ಮಗ್ಗದ ಸದ್ದಿನ ನಡುವೆ ನನಗೆ ತಿಳಿಯದಂತೆ ಎದ್ದು ಹೋದ ಅವ್ವನ ಹಾಸಿಗೆ ಖಾಲಿ ಇರುವುದು ಕಾಣುತ್ತಿತ್ತು. ನಾನು ಏಳಲಿಲ್ಲ. ಗೋಡೆಗೆ ಆತು ಕುಳಿತು, ಕಣ್ಣು ಮುಚ್ಚಿ, ಬಾಯಿಪಾಠ ಬರುತ್ತಿದ್ದ ಬೈಬಲಿನ ಕೀರ್ತನೆಯನ್ನು ಮತ್ತೆ ಮತ್ತೆ ಹೇಳಿದೆ. ಕರೆಂಟ್ ಬಂದು ಮಗ್ಗ ಶುರುವಾಗುವವರೆಗೂ ಹೇಳಿದೆ. ಹೆಚ್ಚುಕಡಿಮೆ ಮುಕ್ಕಾಲು ತಾಸು.

ಆಮೇಲೆ ಹಿತ್ತಲಿಗೆ ಹೋದೆ. ಅವ್ವ ನೀರಿನ ಟಾಕಿಯ ಪಕ್ಕದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕೈ ಮುಟ್ಟಿದೆ. ಬೆಚ್ಚಗಿತ್ತು. ಪಕ್ಕದ ಕಲ್ಲು ಮುಟ್ಟಿದೆ. ಅದೂ ಅಷ್ಟೇ ಬೆಚ್ಚಗಿತ್ತು.

ಡಾಕ್ಟರು ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು. ಬೇಗ ತಂದಿದ್ದರೆ ಬದುಕುತ್ತಿದ್ದಳೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೀವು ಎಲ್ಲಿದ್ದಿರಿ ಎಂದು ಮಾತ್ರ ಕೇಳಿದರು. "ಮಲಗಿದ್ದೆ" ಅಂದೆ. ಹುಬ್ಬಳ್ಳಿಯಿಂದ ಬಂದ ಅಣ್ಣನಿಗೆ ಅದನ್ನೇ ಹೇಳಿದೆ, ಸಭೆಯ ಪಾಸ್ಟರಿಗೆ ಹೇಳಿದೆ, ಪಕ್ಕದ ಮನೆಯ ಮಾವಶಿಗೆ ಹೇಳಿದೆ. ನಾಲ್ಕು ಸಲ ಹೇಳುವಷ್ಟರಲ್ಲಿ ನನ್ನ ನಾಲಿಗೆಗೆ ಅದು ರೂಢಿಯಾಗಿಬಿಟ್ಟಿತು.

ಈ ಮಾವಶಿಯ ಬಗ್ಗೆ ಎರಡು ಮಾತು ಹೇಳಬೇಕು. ನೆಂಟಳಲ್ಲ, ಚಿಕ್ಕಮ್ಮ ಅನ್ನುವುದನ್ನೇ ಮರಾಠಿಯಲ್ಲಿ ಮಾವಶಿ ಅನ್ನುತ್ತಿದ್ದೆ. ಭಂಡಾರಕವಠೆಯ ಕುರುಬರ ಮನೆಯ ಹೆಣ್ಣುಮಗಳು, ಬೀರೋಬ ದೇವರ ಒಕ್ಕಲು. ಗಂಡ ಅದೇ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ, ಈಕೆ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅವಳಿಗೂ ನಮಗೂ ನಡುವೆ ಒಂದೇ ಗೋಡೆ. ಅವ್ವನಿಗೆ ಅವಳೂ ನಾನೂ ಇಬ್ಬರೂ "ಯವ್ವಾ"ನೇ, ಕರೆದಾಗ ಯಾರಿಗೆ ಪುರಸೊತ್ತೋ ಅವರು ಹೋಗುವುದು. ಮಣ್ಣಿನ ದಿನ ಮಾವಶಿ ಹೊಸ್ತಿಲ ಹೊರಗೇ ಕುಳಿತಿದ್ದಳು, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಅಷ್ಟೊಂದು ಕ್ರೈಸ್ತರನ್ನು ಕಂಡು ಸಂಕೋಚ ಅಂದುಕೊಂಡೆ. ಆಮೇಲೆ ತಿಂಗಳುಗಟ್ಟಲೆ ದಿನಾ ಎರಡು ಜೋಳದ ಭಕ್ರಿ ಕಟ್ಟಿ ಕಳಿಸಿದಳು. ಬ್ಯಾಡ್ರಿ ಅಂದರೆ ಅಳುತ್ತಿದ್ದಳು, ಅದಕ್ಕೇ ತಿಂದೆ.

ಮೊದಲ ಸಲ ಕೇಳಿಸಿದ್ದು ಜೂನಿನಲ್ಲಿ. ಭಾನುವಾರ, ಕರೆಂಟ್ ಹೋಗಿ ಮಗ್ಗ ನಿಂತ ಗಳಿಗೆ. "ಯವ್ವಾ, ಬಾ ಇಲ್ಲೆ. ಯವ್ವಾ, ಬಾ ಇಲ್ಲೆ." ಎರಡು ಸಲ, ಎರಡನೆಯದು ಸ್ವಲ್ಪ ಸಣ್ಣದು. ಹಿತ್ತಲಿನಲ್ಲಿ ಟಾಕಿ, ತಂತಿಯ ಮೇಲೆ ನನ್ನದೇ ಸೀರೆ, ಮತ್ತೇನೂ ಇಲ್ಲ. ಅಂದಿನಿಂದ ಮಗ್ಗ ನಿಂತಾಗಲೆಲ್ಲ ಅದು ಬಂತು. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಜೋರಾಗಿ ಕೀರ್ತನೆ ಹೇಳುತ್ತಿದ್ದೆ. ಆ ದನಿ ಬೆರಳಿನ ಆಚೆ ನಿಲ್ಲುವಂಥದ್ದಲ್ಲ.

ಮನೆ ಬದಲಿಸಿದರೆ ಸರಿಹೋದೀತು ಅನ್ನಿಸಿತ್ತು. ಅದನ್ನೂ ಒಂದು ದಿನ ಪರೀಕ್ಷೆ ಮಾಡಿದಂತಾಯಿತು. ಬಸ್ ಬಂದ್ ಇದ್ದದ್ದರಿಂದ ಅಕ್ಕಲಕೋಟ ರೋಡ್ ಸ್ಟೇಶನ್ನಿನಿಂದ ಪ್ಯಾಸೆಂಜರ್ ರೈಲು ಹಿಡಿದೆ. ಹೋಟಗಿಯಲ್ಲಿ ಕ್ರಾಸಿಂಗಿಗೆ ಅಂತ ಗಾಡಿ ನಿಂತಿತು. ಮೂರು ಗಂಟೆಯ ಬಿಸಿಲು. ಚಕ್ರದ ಸದ್ದು ನಿಂತು ಡಬ್ಬಿಯೊಳಗೆ ಎಲ್ಲರೂ ತೂಕಡಿಸುತ್ತಿದ್ದರು. ಜೋಳ ಕೊಯ್ದ ಬೋಳು ಹೊಲದ ಕಡೆಯಿಂದ, ಕಿಟಕಿಗೆ ಬಹಳ ಹತ್ತಿರದಿಂದ, ಅವ್ವ ಕರೆದಳು. ಎರಡು ಸಲ. ಎದುರು ಕುಳಿತಿದ್ದ ಮುದುಕಿ ಕಣ್ಣು ತೆರೆದು ಕಿಟಕಿಯತ್ತ ನೋಡಿ ಮತ್ತೆ ಮುಚ್ಚಿಕೊಂಡಳು. ಅವಳಿಗೂ ಕೇಳಿಸಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇದು ಮನೆಯೊಳಗಿನದಲ್ಲ, ನನ್ನ ಹಿಂದೆಯೇ ಬರುವಂಥದ್ದು ಎಂದು ಅಂದು ತಿಳಿಯಿತು.

ನಿದ್ದೆ ಕೆಟ್ಟಿತು. ತರಗತಿಯಲ್ಲಿ ಮಕ್ಕಳು ಸುಮ್ಮನಾದರೆ ಭಯವಾಗಿ, ಮಗ್ಗಿ ಹೇಳಿರೋ ಎಂದು ಗದರುತ್ತಿದ್ದೆ. ಸುಮ್ಮನಿರಿ ಎಂದು ಗದರದ ಬಾಯಾರು ಅಕ್ಕಲಕೋಟೆ ತಾಲೂಕಿಗೇ ನಾನೊಬ್ಬಳಿರಬೇಕು. ನಮ್ಮ ಹೆಡ್‌ಬಾಯಿ ಪಕ್ಕಕ್ಕೆ ಕರೆದು, "ಸ್ವಾಮಿಗಳ ಮಠಕ್ಕ ಒಂದ್ ಸಲ ಬಂದು ಹೋಗ್ರಿ. ಪುಣೆ ಮುಂಬೈದಿಂದ ಜನಾ ಬರ್ತಾರ, ನೀವು ದಿನಾ ಇಲ್ಲೇ ಬಂದು ಹಂಗ ಹೋಗ್ತೀರಿ" ಅಂದರು. ನಿಜ. ಮನಸ್ಸಿನ ಭಾರ ಇಳಿಸಲು ಊರೂರಿನಿಂದ ಬಸ್ ತುಂಬಿ ಬರುವವರ ಜೊತೆಯಲ್ಲೇ ನಾನು ದಿನಾ ನಿಂತುಕೊಂಡು ಬರುತ್ತಿದ್ದೆ, ಹದಿಮೂರರ ಮಗ್ಗಿ ಕಲಿಸಲು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನಗಂತೂ ಆ ಗಿಡ ನಮ್ಮ ಹಿತ್ತಲಿನದೂ ಆಗಿರಲಿಲ್ಲ.

ಮಾವಶಿ ಒಂದು ಚೀಟಿಯಲ್ಲಿ ಬೀರೋಬನ ಗುಡಿಯ ಅರಿಸಿನ, ಭಂಡಾರ, ತಂದು ಹಣೆಗೆ ಹಚ್ಚಲು ಬಂದಳು. ನಾನು ಕೈ ಹಿಡಿದು ನಿಲ್ಲಿಸಿದೆ. "ನಿಮಗೇನಾಗ್ಯದ ನನಗ ಗೊತ್ತದ ಬಾಯಾರ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಏನು ಗೊತ್ತದ, ಏನಾಗಿಲ್ಲ ನನಗ, ಎಂದು ಬಾಗಿಲು ಹಾಕಿಕೊಂಡೆ.

ಕಡೆಗೆ ಪಾಸ್ಟರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಅವ್ವನನ್ನು ತಾಯಿಯ ಹಾಗೆ ಕಂಡವರು. ಅವ್ವ ಕರೆಯುವುದು ಕೇಳಿಸುತ್ತದೆ ಎಂದಷ್ಟೇ ಹೇಳಿದೆ. ಅವರು ಕಣ್ಣು ಮುಚ್ಚಿ ಕುಳಿತು, "ಅದು ನಿಮ್ಮ ತಾಯಿ ಅಲ್ಲ ಸಿಸ್ಟರ್. ಅವರ ದನಿ ಹಾಕ್ಕೊಂಡು ಸೈತಾನ ಕರ್ಯಾಕತ್ತಾನ. ಮೂರು ದಿನ ಉಪವಾಸ ಮಾಡ್ರಿ. ಭಾನುವಾರ ಸಭಾದ ಮುಂದ ಕೈಯಿಟ್ಟು ಪ್ರಾರ್ಥನಾ ಮಾಡಿ ಬಿಡಸೋಣ" ಅಂದರು. ನನಗೆ ಬಂದದ್ದು ಭಯವಲ್ಲ, ಸಿಟ್ಟು. ಟಾಕಿಯ ಪಕ್ಕದಲ್ಲಿ ಬಿದ್ದು ಕರೆದ ನಮ್ಮವ್ವನನ್ನು ಒಂದು ಸಲ ನಾನು ದೆವ್ವ ಅಂದುಕೊಂಡದ್ದು ಸಾಲದೇ, ಈಗ ಸಭೆಯೆಲ್ಲ ಸೇರಿ ಅನ್ನಬೇಕೇ? ಆದರೆ ಹಾಗೆಂದು ಹೇಳುವಂತಿಲ್ಲ. ಸುವಾರ್ತೆ ಹೇಳಿದಾಕೆಯ ಮಗಳು ಮೂರನೇ ಕರೆಗೆ ಕಾದಳು ಎಂದರೆ ಅದು ನನ್ನ ಮಾನದ ಜೊತೆ ಅವ್ವನದನ್ನೂ ಕಳೆಯುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ನೋಡ್ತೀನ್ರಿ ಎಂದು ಎದ್ದು ಬಂದೆ.

ಮನಸ್ಸಿನ ಡಾಕ್ಟರರ ದವಾಖಾನೆಯ ಓಣಿಯವರೆಗೂ ಒಂದು ದಿನ ಹೋಗಿದ್ದೆ. ಹೊರಗಿನ ಬಾಕಿನ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಕುಳಿತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಇಬ್ಬರೂ ವಿಳಾಸ ತಪ್ಪಿದವರ ಹಾಗೆ ನಟಿಸಿದೆವು. ಅವನು ಎದ್ದು ಆ ಕಡೆ ಹೋದ, ನಾನು ಈ ಕಡೆ.

ಸಭೆಗೆ ಬರುತ್ತಿದ್ದ ಒಂದು ಕನ್ನಡ ಮಾಸಪತ್ರಿಕೆಯ ಹಿಂದಿನ ಪುಟದಲ್ಲಿ ಒಂದು ಸಣ್ಣ ಚೌಕ ಇತ್ತು. ದಣಿದ ಮನಸ್ಸಿನ ಕ್ರೈಸ್ತರಿಗೆ ತರಬೇತಾದ ಸಲಹೆಗಾರರಿಂದ ಆಪ್ತಸಲಹೆ. ಪತ್ರ, ಫೋನ್ ಮತ್ತು ಈಮೇಲ್ ಮೂಲಕ. ಗುಟ್ಟು ಕಾಯಲಾಗುವುದು. ಪತ್ರ ಬರೆದರೆ ಉತ್ತರ ಚಾಳಿಗೆ ಬರುತ್ತದೆ, ನಮ್ಮ ಚಾಳಿನಲ್ಲಿ ಬೇರೆಯವರ ಪತ್ರ ಓದದಿರುವುದೇ ಅಪರೂಪ. ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿಯಲ್ಲಿ ನಿಂತು ಮಾತಾಡಿದರೆ ಹೊರಗೆ ಸಾಲಿನಲ್ಲಿ ನಿಂತವರಿಗೆ ಮನರಂಜನೆ. ಈಮೇಲ್ ಅಂದರೆ ಏನು ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅದರಲ್ಲಿ ನನ್ನ ಅಕ್ಷರ ಇರುವುದಿಲ್ಲ, ದನಿ ಇರುವುದಿಲ್ಲ, ಮುಖ ಇರುವುದಿಲ್ಲ ಎಂಬುದು ಗೊತ್ತಿತ್ತು. ನಾನು ಆರಿಸಿಕೊಂಡದ್ದು ಅದಕ್ಕೇ. ವಿಶ್ವಾಸದಿಂದ ಆರಿಸಿಕೊಂಡೆ ಎಂದು ಆಮೇಲೆ ಹೇಳಿಕೊಂಡದ್ದುಂಟು. ನಿಜವಾಗಿ ಆರಿಸಿಕೊಂಡದ್ದು ಅಡಗಿಕೊಳ್ಳಲು.

ನವಿ ಪೇಟೆಯಲ್ಲಿ ಆಗ ಹೊಸದಾಗಿ ಒಂದು ಸೈಬರ್ ಕೆಫೆ ಆಗಿತ್ತು. ಪ್ಲೈವುಡ್ಡಿನ ಆರು ಗೂಡು, ಒಂದೊಂದಕ್ಕೂ ಒಂದು ಪರದೆ. ಮಾಲೀಕ ಮರಾಠಿಯಲ್ಲಿ, "ಕುಣಾಲಾ ಮೇಲ್ ಕರಾಯ್ಚಾ ಆಹೆ, ಬಾಯಿ? ಮುಲಗಾ ಅಮೇರಿಕೇತ್ ಆಹೆ ಕಾ?" ಎಂದ, ಯಾರಿಗೆ ಮೇಲ್, ಮಗ ಅಮೆರಿಕದಲ್ಲಿದ್ದಾನೆಯೇ ಅಂತ. ಅಮೆರಿಕದಲ್ಲಿ ಮಗನಿಲ್ಲದವರು ಅಲ್ಲಿಗೆ ಬರುತ್ತಿರಲಿಲ್ಲವೋ ಏನೋ. ಹೂಂ ಅಂದೆ. ಅವನೇ ನನಗೊಂದು ವಿಳಾಸ ಮಾಡಿಕೊಟ್ಟು, ಕಲಿಸಿ, ಪರದೆ ಎಳೆದು ಹೋದ. ಯಂತ್ರ ಲೈನಿಗಾಗಿ ಕಿರುಚಿ, ಕೆಮ್ಮಿ, ಸುಮ್ಮನಾಯಿತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಬೆರಳಿನಿಂದ ಕುಟ್ಟಿದೆ. ಅವ್ವ ಹೋಗಿ ಐದು ತಿಂಗಳಾಯಿತು. ಕರೆಯುವುದು ಕೇಳಿಸುತ್ತದೆ. ಹೀಗೆ ಕರೆಯುತ್ತಾಳೆ, ಎಂದು ಅವ್ವನ ಮಾತನ್ನೂ ಕುಟ್ಟಿದೆ.

ಮುಂದಿನ ಶನಿವಾರ ಹೋದರೆ ಉತ್ತರ ಬಂದಿತ್ತು. ಬರೆದಾಕೆ ಹೆಸರು ಹೇಳಿರಲಿಲ್ಲ, ಹೇಳಬಾರದೆಂಬ ನಿಯಮವಂತೆ. 'ನಿಮ್ಮ ಸಹೋದರಿ' ಎಂದಿಷ್ಟೇ. ಸಮಾಧಾನದ ವಚನಗಳ ಸುರಿಮಳೆ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಪ್ರಶ್ನೆಗಳು. ನಿದ್ದೆ ಎಷ್ಟು, ಊಟ ಹೇಗೆ, ಸಾಯಬೇಕು ಅನ್ನಿಸುತ್ತದೆಯೇ. ಕೊನೆಯಲ್ಲಿ ಒಂದು ಸಾಲು: ಅವರು ಎರಡೇ ಸಲ ಯಾಕೆ ಕರೆಯುತ್ತಾರೆ?

ಎರಡು ಸಲ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆ ಗೂಡಿನೊಳಗೆ ಹಿಂತಿರುಗಿ ನೋಡಿದೆ, ಪರದೆ ಸರಿಸಿ ಹೊರಗೂ ನೋಡಿದೆ. ಈ ಹೆಂಗಸು ಎಲ್ಲಿ ಕುಳಿತಿದ್ದಾಳೆ, ಏನೇನು ಕಂಡಿದ್ದಾಳೆ? ಆಮೇಲೆ ನಾನು ಕಳಿಸಿದ್ದನ್ನೇ ತೆರೆದು ನೋಡಿದೆ. ಅವ್ವನ ಮಾತನ್ನು ನಾನೇ ಎರಡು ಸಲ ಕುಟ್ಟಿದ್ದೆ. ನನ್ನ ಬೆರಳು ನನಗಿಂತ ಪ್ರಾಮಾಣಿಕವಾಗಿತ್ತು. ಆ ಪ್ರಶ್ನೆ ಬಿಟ್ಟು ಉಳಿದವಕ್ಕೆಲ್ಲ ಉತ್ತರ ಬರೆದೆ.

ಹೀಗೆ ಶನಿವಾರಗಳು ನಡೆದವು. ಬೆಳಗಿನ ಸಾಲಿ ಮುಗಿಸಿ ಬಂದು, ಪರದೆಯ ಹಿಂದೆ ಅರ್ಧ ತಾಸು. ಆಕೆ ಹೇಳಿದಂತೆ ಮಲಗುವ ಹೊತ್ತು ಸರಿಮಾಡಿದೆ, ನಡೆದಾಡಿದೆ, ಪ್ರಾರ್ಥನೆಯಲ್ಲಿ ಬೇಡುವುದನ್ನು ಬಿಟ್ಟು ಸುಮ್ಮನೆ ಕೂರುವುದನ್ನು ಕಲಿತೆ. ಸೈತಾನ ಎಂಬ ಮಾತನ್ನು ಆಕೆ ಒಂದು ಸಲವೂ ಬರೆಯಲಿಲ್ಲ, ಅದಕ್ಕೆ ನಾನು ಋಣಿ. ಆದರೆ ಆ ಪ್ರಶ್ನೆಯನ್ನು ಬಿಡಲಿಲ್ಲ. ಬೇರೆ ಬೇರೆ ಬಾಗಿಲಿನಿಂದ ಬರುತ್ತಿದ್ದಳು. ಅವರು ಕರೆದಾಗ ನೀವು ಏನನ್ನುತ್ತೀರಿ? ಏನೂ ಅನ್ನುವುದಿಲ್ಲ ಎಂದೆ. ಯಾಕೆ? ಕಿವಿ ಮುಚ್ಚಿಕೊಂಡಿರುತ್ತೇನೆ ಎಂದೆ. ಫೆಬ್ರುವರಿಯಲ್ಲಿ ಬರೆದಳು: ಮುಂದಿನ ಸಲ ಕಿವಿ ಮುಚ್ಚಬೇಡಿ. ಒಂದು ಸಲ ಓಗೊಡಿ. ತಾಯಿಗೆ ಮಗಳು ಓಗೊಡುವುದರಲ್ಲಿ ಪಾಪವಿಲ್ಲ. ದೇವರು ಆ ಕೋಣೆಯಲ್ಲೂ ಇದ್ದಾನೆ.

ಬರೆದವಳಿಗೆ ಓ ಎಂಬುದು ಬರೀ ಒಂದು ಶಬ್ದ. ನನಗೆ ಅದು ಐದು ವರ್ಷದವಳಿದ್ದಾಗಿನಿಂದ ಮೈಯೊಳಗೆ ಕುಳಿತ ಭಯ. ಎರಡನೇ ಕರೆಗೆ ಓ ಅಂದರೆ ಹೋಗಬೇಕಾಗುತ್ತದೆ. ಇದನ್ನು ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ, ಮತ್ತು ಓ ಅನ್ನುತ್ತಿರಲಿಲ್ಲ.

ಹದಿನೈದು ದಿನ ತಳ್ಳಿದೆ. ಮಾರ್ಚಿನ ಒಂದು ಶನಿವಾರ ಸಾಲಿಯಿಂದ ಬಂದು ಒಳಖೋಲಿಯಲ್ಲಿ ಕುಳಿತಿದ್ದಾಗ ಕರೆಂಟ್ ಹೋಯಿತು. ಮಗ್ಗ ನಿಂತವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ, ಕಿವಿಗೆ ಹೋಗದಿರಲಿ ಎಂದು. ಕೀರ್ತನೆ ಹೇಳಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಆ ನಿಶ್ಶಬ್ದವನ್ನು ಪೂರ್ತಿ ಕೇಳಿದೆ. ಬಂತು. "ಯವ್ವಾ, ಬಾ ಇಲ್ಲೆ." ಮತ್ತೆ, ಸಣ್ಣದಾಗಿ: "ಯವ್ವಾ, ಬಾ ಇಲ್ಲೆ." ಬಾಯಿ ತೆರೆದೆ.

ನಾನು ಉಸಿರು ತೆಗೆಯುವ ಮೊದಲೇ ಗೋಡೆಯ ಆಚೆಯಿಂದ ಮೆಲ್ಲಗೆ ಒಂದು ದನಿ ಉತ್ತರ ಕೊಟ್ಟಿತು.

"ಓ... ಬಂದೆ ರೀ ಅವ್ವಾರ, ಬಂದೆ."

ನಾನು ಎದ್ದೆ. ಹೊರಗೆ ಹೋಗಿ ಮಾವಶಿಯ ಬಾಗಿಲು ತಳ್ಳಿದೆ. ಅವಳು ಬೀಡಿ ಎಲೆಯ ಮೊರ ಮುಂದಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಯಾರಿಗೆ ಓ ಅಂದ್ರಿ ಮಾವಶಿ?"

ಅವಳು ತಿರುಗಿ ನೋಡಿ, ಎಲೆ ಕತ್ತರಿಸುವ ಕತ್ತರಿ ಕೆಳಗಿಟ್ಟಳು. "ನಿಮಗೂ ಕೇಳಸ್ತದಲ್ಲ?"

ನಾನು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡೆ.

"ಅವತ್ತು ನಾ ಇಲ್ಲೇ ಕುಂತಿದ್ದೆ ಬಾಯಾರ. ಹಿಂಗ ಎಲಿ ಕತ್ತರಸ್ತಿದ್ದೆ. ಲೈಟ್ ಹೋತು. ಅವ್ವಾರು ಕರದ್ರು. ಎರಡು ಸಲ ಕರದ್ರು. ಮೂರನೇದಕ್ಕ ಓ ಅನಬೇಕಂತ ಕುಂತೆ. ಮೂರನೇದು ಬರ್ಲಿಲ್ಲ. ನನಗ ಹೆದರಿಕಿ ಬಂತು, ಹೊಸ್ತಿಲಕ್ಕ ಭಂಡಾರ ಹಾಕಿ ಬಾಗಲಾ ಮುಚ್ಚಿದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಪಾಪ ಮಲಗಿದ್ರಿ. ನಿಮಗ ಗೊತ್ತಿಲ್ಲ. ಎಚ್ಚರ ಇದ್ದಾಕಿ ನಾ ಒಬ್ಬಾಕಿ. ಆ ಜೀವದ ಪಾಪ ನನ್ನ ತಲಿ ಮ್ಯಾಲ ಅದ. ಅದಕ್ಕ ಈಗ ಕರದಾಗೊಮ್ಮೆ ಓ ಅಂತೀನ್ರಿ, ಕರಕೊಂಡ ಹೋದ್ರ ಹೋಗ್ಲಿ ಅಂತ. ಕರಕೊಂಡ ಹೋಗವಲ್ರು."

ನನ್ನ ಕೀರ್ತನೆಯ ಗದ್ದಲದಲ್ಲಿ ಹತ್ತು ತಿಂಗಳು ನನಗೆ ಆ ಓ ಕೇಳಿಸಿರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹೊಡೆಯಬೇಕು ಅನ್ನಿಸಿತು. ನಾನಾದರೂ ಒಳಗೆ ಮಲಗಿದ್ದವಳು, ಈಕೆಗೆ ಎದ್ದು ಗೋಡೆ ಇಣುಕಲು ಏನಾಗಿತ್ತು? ಹಾಗೆ ಅಂದುಕೊಂಡ ಮೇಲೆ ತಿಳಿಯಿತು, ನನ್ನ ಸುಳ್ಳನ್ನು ಈಗ ನಾನೇ ನಂಬತೊಡಗಿದ್ದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಪಾಪವನ್ನು ಬೇರೊಬ್ಬರು ತಾವಾಗಿ ತಲೆಯ ಮೇಲೆ ಹೊತ್ತುಕೊಂಡರೆ ಎಷ್ಟು ಹಗುರಾಗುತ್ತದೆ ಎಂದು ಅಂದು ಅನುಭವಿಸಿದೆ. ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದೆ. ಕರೆ ಬರುವುದು ನಿಂತಿರಲಿಲ್ಲ, ಆದರೆ ಅದು ಅವಳಿಗೆ ಅಂತ ಬಿಟ್ಟುಬಿಟ್ಟೆ. ಆಚೆಯಿಂದ ಓ ಬರುತ್ತಿತ್ತು. ನಾನು ಚಹಾ ಕುಡಿಯುತ್ತಿದ್ದೆ.

ಮುಂದಿನ ಶನಿವಾರ ನಾನು ಕೆಫೆಗೆ ಹೊರಟಾಗ ಮಾವಶಿ ತೊಳೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಶನಿವಾರಕ್ಕೊಮ್ಮೆ ನಾನು ಎಲ್ಲಿಗೆ ಹೋಗುತ್ತೇನೆಂದು ಹಿಂದೊಮ್ಮೆ ಕೇಳಿದ್ದಳು. ದೂರದ ಊರಿನಲ್ಲಿ ನಮ್ಮ ದೇವರ ಕಡೆಯ ಒಬ್ಬ ಅಕ್ಕ ಇದ್ದಾಳೆ, ಮನಸ್ಸಿಗೆ ತ್ರಾಸಾದವರ ಮಾತು ಕೇಳುತ್ತಾಳೆ ಎಂದು ಹೇಳಿದ್ದೆ.

"ಆ ಅಕ್ಕಾರು ನನ್ನ ಮಾತು ಕೇಳ್ತಾರೇನ್ರಿ? ನಿಮ್ಮ ಪೈಕಿ ಅಲ್ಲ ನಾ."

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಇಬ್ಬರೂ ರಿಕ್ಷಾದಲ್ಲಿ ಹೋದೆವು. ಒಬ್ಬರಿಗೆ ಮಾಡಿದ ಗೂಡಿನಲ್ಲಿ ಒಂದು ಸ್ಟೂಲು ಹಾಕಿಸಿ ಕುಳ್ಳಿರಿಸಿದೆ. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಸೀರೆಯಿಂದ ತಂಬಾಕಿನ ವಾಸನೆ ಬರುತ್ತಿತ್ತು. ಓದಲು ಬಾರದವಳು ಕಂಪ್ಯೂಟರಿನ ಪರದೆಯ ಬೆಳಕನ್ನೇ ಮುಖವೆಂದುಕೊಂಡು, ಅದಕ್ಕೆ ಕೈ ಮುಗಿದು ಹೇಳತೊಡಗಿದಳು. ನಾನು ಅವಳ ಮಾತನ್ನೇ ಕುಟ್ಟುತ್ತ ಹೋದೆ. ನಾನು ಪಕ್ಕದ ಮನೆಯಾಕೆ. ಅವ್ವಾರು ಎರಡು ಸಲ ಕರೆದರು. ನನಗೆ ಕೇಳಿಸಿತು. ನಾನು ಹೋಗಲಿಲ್ಲ.

ಐದು ತಿಂಗಳಿನಿಂದ ಬರೆಯಲಾರದ ಮೂರು ಸಾಲು ನನ್ನ ಬೆರಳಿನಿಂದಲೇ ಪರದೆಗೆ ಬಂದು ಕುಳಿತಿದ್ದವು, ಬೇರೆಯವರ ಹೆಸರಿನಲ್ಲಿ. ನಾನು ಅವನ್ನೇ ನೋಡುತ್ತ ಕುಳಿತೆ.

"ಬರದ್ರಿ?" ಎಂದು ಕೇಳಿ ಮಾವಶಿ ಮುಂದುವರಿಸಿದಳು. "ಇದನ್ನೂ ಹಾಕ್ರಿ. ಅವರ ಮಗಳು ಮಲಗಿದ್ಲು, ಆಕಿದೇನೂ ತಪ್ಪಿಲ್ಲ. ಆಕಿ ಮ್ಯಾಲ ದೇವರು ಸಿಟ್ಟಾಗಬಾರದು."

ಮೊದಲ ಎರಡು ಪದ ಕುಟ್ಟಿದೆ. ಮೂರನೆಯದಕ್ಕೆ ಬೆರಳು ಏಳಲಿಲ್ಲ. ಅವಳು ಕಾಯುತ್ತಿದ್ದಳು. ಏನು ಕುಟ್ಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಅಕ್ಕನಿಗೆ ನಾನು ನಿಜವನ್ನೇ ಬರೆದು, ಇವಳಿಗೆ ಹೂಂ ಬರೆದೆ ಎಂದು ಹೇಳಿ ರಿಕ್ಷಾ ಹತ್ತಿಸಬಹುದಿತ್ತು. ಮುಖವಿಲ್ಲದವರಿಗೆ ಹೇಳುವುದು ಅಷ್ಟು ಸುಲಭವಿತ್ತು. ನಾನು ಕುರ್ಚಿ ತಿರುಗಿಸಿ ಅವಳ ಕಡೆ ಕುಳಿತೆ.

"ನಾ ಮಲಗಿದ್ದಿಲ್ಲ ಮಾವಶಿ."

ಅವಳು ನನ್ನ ಮುಖ ನೋಡಿದಳು.

"ಎಚ್ಚರ ಇದ್ದೆ. ನನಗೂ ಕೇಳಸ್ತು. ನಾನೂ ಮೂರನೇದಕ್ಕ ಕಾದೆ."

ಪಕ್ಕದ ಗೂಡಿನಲ್ಲಿ ಯಾರೋ ಜೋರಾಗಿ ಕೀಲಿಗಳನ್ನು ಕುಟ್ಟುತ್ತಿದ್ದರು. ಮಾವಶಿಯ ಕಣ್ಣುಗಳಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ, ಹೋದ ವಾರ ಅವಳ ಬಾಗಿಲಲ್ಲಿ ನಿಂತು ನಾನು ಪಟ್ಟ ಸಿಟ್ಟು ಅಲ್ಲಿ ಬಂತು. ಅದು ಪೂರ್ತಿ ಬಂದು, ನಿಂತು, ಇಳಿಯುವವರೆಗೂ ನಾನು ಅಲುಗದೆ ಕುಳಿತಿದ್ದೆ. ಅವಳು ನನ್ನನ್ನು ಮುಟ್ಟಲಿಲ್ಲ, ಅಳಲಿಲ್ಲ. ಮುಗಿದ ಕೈಗಳನ್ನು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು.

"ಅದನ್ನೂ ಬರೀರಿ" ಅಂದಳು.